ಬೀರುವಿನ ಬೀಗ ತೆಗೆಯುವವರು ಯಾರು? ಮಲೆನಾಡಿನ ಸರ್ಕಾರಿ ಶಾಲೆಗಳ ಗ್ರಂಥಾಲಯದ ಬಗ್ಗೆ ಒಂದು ಚರ್ಚೆ

ಹಿನ್ನೀರಿನ ಓದುಗ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನನ್ನ ಮಕ್ಕಳು ಅಲ್ಲಿಯೇ ಓದುತ್ತಿದ್ದಾರೆ. ಕಳೆದ ಸಭೆಯಲ್ಲಿ ಅನುದಾನದ ಖರ್ಚುವೆಚ್ಚ ಓದಿ ಹೇಳುವಾಗ ಗ್ರಂಥಾಲಯದ ಬಾಬ್ತೂ ಬಂತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ಗ್ರಂಥಾಲಯಕ್ಕೆಂದೇ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಕೊಡಲು ಅವಕಾಶವಿದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ನಮ್ಮ ಶಾಲೆಗೂ ಹಣ ಬಂದಿದೆ, ಪುಸ್ತಕಗಳೂ ಬಂದಿವೆ, ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದೂ ಆಗಿದೆ. ಆದರೆ ಅವೆಲ್ಲವೂ ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿವೆ, ಬೀರುವಿಗೆ ಬೀಗವಿದೆ, ಬೀಗದ ಕೀಲಿ ಮೇಜಿನ ಖಾನೆಯಲ್ಲಿದೆ, ಖಾನೆಗೆ ಇನ್ನೊಂದು ಬೀಗವಿದೆ. ಐದನೆಯ ತರಗತಿಯ ನನ್ನ ಮಗಳನ್ನು ಕೇಳಿದರೆ, ಶಾಲೆಯಲ್ಲಿ ಗ್ರಂಥಾಲಯ ಇದೆಯೆಂಬುದೇ ಅವಳಿಗೆ ತಿಳಿದಿಲ್ಲ.

ಸುತ್ತಲಿನ ನಾಲ್ಕಾರು ಶಾಲೆಗಳ ಎಸ್‌ಡಿಎಂಸಿಗಳು ಸೇರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೂ ಶಾಸಕರಿಗೂ ಒಂದು ಮನವಿ ಕೊಡಬೇಕೆಂದು ಯೋಚಿಸಿದ್ದೇವೆ. ಕೇಳಬೇಕಾದದ್ದು ಹೆಚ್ಚಿನ ಹಣವನ್ನೋ, ನೋಡಿಕೊಳ್ಳಲು ಒಬ್ಬ ಮನುಷ್ಯನನ್ನೋ? ಎರಡನ್ನೂ ಕೇಳಿದರೆ ಎರಡೂ ಸಿಗುವುದಿಲ್ಲವೆಂಬ ಅನುಮಾನ ನನಗಿದೆ. ಅನುಭವ ಇರುವವರು ಹೇಳಿ.

ತುಂಗೆಯ ದಡದ ಮೇಷ್ಟ್ರು (ತೀರ್ಥಹಳ್ಳಿ)

ಸ್ವಾಮಿ, ಬೀಗದ ಕಥೆಯನ್ನು ನೀವು ಹೊರಗಿನಿಂದ ನೋಡಿದ್ದೀರಿ, ನಾನು ಒಳಗಿನಿಂದ ಹೇಳುತ್ತೇನೆ. ದಾಸ್ತಾನು ವಹಿಗೆ ಏರಿದ ಪ್ರತಿಯೊಂದು ಪುಸ್ತಕವೂ ಮುಖ್ಯ ಶಿಕ್ಷಕರ ತಲೆಯ ಮೇಲಿನ ಹೊಣೆ. ವರ್ಗಾವಣೆಯಾದಾಗ ಚಾರ್ಜ್ ಕೊಡಬೇಕು, ನಿವೃತ್ತಿಯಾಗುವಾಗ ಏನೂ ಬಾಕಿಯಿಲ್ಲವೆಂಬ ಬೇಬಾಕಿ ಪ್ರಮಾಣಪತ್ರ ಬೇಕು, ನಡುವೆ ಆಡಿಟ್‌ನವರು ಬಂದು ವಹಿಯಲ್ಲಿರುವ ಪುಸ್ತಕ ಬೀರುವಿನಲ್ಲಿ ಏಕಿಲ್ಲವೆಂದು ಕೇಳಿದರೆ ಉತ್ತರ ಕೊಡಬೇಕು. ಮಗು ಮನೆಗೆ ಒಯ್ದ ಪುಸ್ತಕವನ್ನು ಅದರ ತಮ್ಮ ಹರಿದು ದೋಣಿ ಮಾಡಿದನೆಂದು ಆಕ್ಷೇಪಣೆಗೆ ಸಮಜಾಯಿಷಿ ಬರೆಯಲು ಬರುತ್ತದೆಯೇ? ಹಾಗಾಗಿ ಒಳ್ಳೆಯ ಮೇಷ್ಟ್ರೂ ಕೂಡ ಬೀಗವನ್ನೇ ನೆಚ್ಚಿಕೊಳ್ಳುತ್ತಾರೆ. ಪುಸ್ತಕ ಕಳೆದುಹೋದರೆ ಕೇಳುವವರು ಇದ್ದಾರೆ. ಪುಸ್ತಕವನ್ನು ಯಾರೂ ಓದದಿದ್ದರೆ ಕೇಳುವವರು ಇಲ್ಲ.

ಇದರ ಮೇಲೆ ನಾನು ಎರಡು ತರಗತಿಗಳನ್ನು ಒಟ್ಟಿಗೆ ನೋಡುತ್ತೇನೆ, ಬಿಸಿಯೂಟದ ಲೆಕ್ಕ ಬರೆಯುತ್ತೇನೆ, ಆನ್‌ಲೈನ್‌ನಲ್ಲಿ ಮಾಹಿತಿ ತುಂಬುತ್ತೇನೆ. ಗ್ರಂಥಾಲಯದ ಅವಧಿ ವೇಳಾಪಟ್ಟಿಯಲ್ಲಿದೆ, ಗೋಡೆಯ ಮೇಲೆ ಅಂಟಿಸಿಯೂ ಇದೆ. ಆ ಅವಧಿಯಲ್ಲಿ ನಾನು ಎಲ್ಲಿರುತ್ತೇನೆಂಬುದು ನನಗೇ ತಿಳಿದಿರುವುದಿಲ್ಲ.

ಅಡಿಕೆಗೊನೆ

ಹಾಗಾದರೆ ಮನವಿಯ ಮೊದಲ ಸಾಲು ಹಣವೂ ಅಲ್ಲ, ಜನವೂ ಅಲ್ಲ: ಪುಸ್ತಕ ಸವೆಯಬಹುದು ಎಂಬ ಒಂದು ಆದೇಶ.

ಹಳೆಯ ಲೆಕ್ಕಿಗ (ಶಿವಮೊಗ್ಗ)

ಮೇಷ್ಟ್ರು ಹೇಳಿದ್ದು ಸರಿ, ಆದರೆ ಅದಕ್ಕೆ ಸರ್ಕಾರಿ ನಿಯಮಗಳಲ್ಲಿಯೇ ಒಂದು ದಾರಿಯಿದೆ. ಲೆಕ್ಕಪತ್ರ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯ ನಿಯಮವು ಗ್ರಂಥಾಲಯದ ಪುಸ್ತಕಗಳ ತಪಾಸಣೆಗೆ ಸಂಬಂಧಿಸಿದ್ದು. ಓದುಗರಿಗೆ ಕೊಟ್ಟ ಅಥವಾ ಅವರು ತೆಗೆದು ನೋಡಿದ ಪ್ರತಿ 1,000 ಸಂಪುಟಗಳಿಗೆ ವರ್ಷಕ್ಕೆ 5 ಸಂಪುಟಗಳು ಕಳೆದುಹೋದರೆ, ಅದಕ್ಕೆ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು ಎಂದು ಅದು ಹೇಳುತ್ತದೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದಾಗ ಮಾತ್ರ ವಿಚಾರಣೆ ನಡೆಯಲೇಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಿನಾಯಿತಿಯ ಲೆಕ್ಕ ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಓದಲು ಕೊಟ್ಟ ಪುಸ್ತಕಗಳ ಮೇಲೆ. ಅಂದರೆ ಹೆಚ್ಚು ಹಂಚಿದ ಶಾಲೆಗೆ ಹೆಚ್ಚು ವಿನಾಯಿತಿ, ಬೀಗ ಹಾಕಿದ ಶಾಲೆಗೆ ಸೊನ್ನೆ. ಇದು ಕೇಂದ್ರದ ಕಚೇರಿಗಳಿಗೆ ಇರುವ ನಿಯಮ. ರಾಜ್ಯದ ಶಾಲೆಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ ಇದೇ ಧಾಟಿಯಲ್ಲಿ ಶಾಲಾ ಶಿಕ್ಷಣ ಇಲಾಖೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಲಿ ಎಂದು ಕೇಳುವುದಕ್ಕೆ ನಿಮಗೆ ಗಟ್ಟಿ ಆಧಾರವಾಗುತ್ತದೆ. ಈ ಆದೇಶಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಬೇಕಾಗಿಲ್ಲವೆಂಬುದನ್ನು ಮನವಿಯಲ್ಲಿ ಒತ್ತಿ ಬರೆಯಿರಿ.

ತುಂಗೆಯ ದಡದ ಮೇಷ್ಟ್ರು

ಸಾವಿರಕ್ಕೆ ಐದು ದೊಡ್ಡವರ ಗ್ರಂಥಾಲಯದ ಲೆಕ್ಕ, ಸರ್. ಒಂದನೆಯ ತರಗತಿಯ ಮಕ್ಕಳ ಕೈಗೆ ಚಿತ್ರಪುಸ್ತಕ ಕೊಟ್ಟು ನೋಡಿ. ಅದು ಕಳೆದುಹೋಗುವುದಿಲ್ಲ, ಸವೆದೇ ಹೋಗುತ್ತದೆ. ಸುತ್ತೋಲೆ ಬರುವುದಾದರೆ ಕಳೆದದ್ದಕ್ಕೆ ಒಂದು, ಸವೆದದ್ದಕ್ಕೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಇರಬೇಕು.

ಹಳೆಯ ಲೆಕ್ಕಿಗ

ಒಪ್ಪಿದೆ. ಸವೆದ ಪುಸ್ತಕವನ್ನು ವಹಿಯಿಂದ ಕೈಬಿಡುವ ಅಧಿಕಾರವನ್ನು ಎಸ್‌ಡಿಎಂಸಿ ನಿರ್ಣಯದ ಮೇಲೆ ಮುಖ್ಯ ಶಿಕ್ಷಕರಿಗೇ ಕೊಡಬೇಕು. ನೂರು ರೂಪಾಯಿಯ ಪುಸ್ತಕಕ್ಕೆ ಕಡತ ಬಿಇಒ ಕಚೇರಿಗೆ ಹೋಗಿ ಬರುವ ಖರ್ಚೇ ನೂರು ದಾಟುತ್ತದೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ನೀವೆಲ್ಲರೂ ನಷ್ಟದ ಲೆಕ್ಕದಲ್ಲಿ ಮುಳುಗಿ, ಆ ಪುಸ್ತಕಗಳನ್ನು ಯಾರು ಹಂಚಬೇಕು ಎಂಬ ಪ್ರಶ್ನೆಯನ್ನು ಬದಿಗೆ ಸರಿಸುತ್ತಿದ್ದೀರಿ. ನಾನು ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದವಳು. ನಮ್ಮ ಜಿಲ್ಲೆಯಲ್ಲಿಯೇ ಈ ವಿಷಯ ಕಲಿಸುವ ವಿಭಾಗವಿದೆ, ಆದರೆ ನಮ್ಮ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿತವರಿಗೆ ಒಂದು ಹುದ್ದೆಯೂ ಇಲ್ಲ. ಖಾಲಿಯಿರುವುದು ಬೇರೆ ಮಾತು; ಇಲ್ಲಿ ಹುದ್ದೆಯನ್ನೇ ಸೃಷ್ಟಿಸಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯನ್ನು ತೆಗೆದು ನೋಡಿ. ಪ್ರತಿಯೊಂದು ಶಾಲೆಯಲ್ಲಿ ಗ್ರಂಥಾಲಯವಿರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ಇರಬೇಕು ಎಂದು ಅಲ್ಲಿ ಬರೆದಿದೆ. ಅದೇ ಅನುಸೂಚಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಎಂಬ ಲೆಕ್ಕವಿದೆ. 6ರಿಂದ 8ನೆಯ ತರಗತಿಯವರೆಗೆ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಗಳಿಗೆ ಅರೆಕಾಲಿಕ ಬೋಧಕರು ಬೇಕೆಂದೂ ಇದೆ. ಗ್ರಂಥಪಾಲಕರ ಮಾತು ಮಾತ್ರ ಎಲ್ಲಿಯೂ ಇಲ್ಲ. ಗ್ರಂಥಾಲಯ ಕಡ್ಡಾಯ, ಗ್ರಂಥಪಾಲಕರು ಐಚ್ಛಿಕವೂ ಅಲ್ಲ. ಇಡೀ ಸಮಸ್ಯೆಯ ಬೇರು ಇರುವುದು ಇಲ್ಲಿ.

ಇನ್ನು ಗ್ರಂಥಪಾಲಕರೆಂದರೆ ಪುಸ್ತಕಕ್ಕೆ ನಂಬರು ಹಚ್ಚಿ ಕುರ್ಚಿಯ ಮೇಲೆ ಕುಳಿತುಕೊಳ್ಳುವವರು ಎಂಬ ಭಾವನೆ ಬಹಳ ಜನರಿಗೆ ಇದೆ. ಮೂರನೆಯ ತರಗತಿಯಲ್ಲಿದ್ದರೂ ಒತ್ತಕ್ಷರ ಬಂದೊಡನೆ ತಡವರಿಸುವ ಮಗುವಿಗೆ, ಒಂದು ಪುಟಕ್ಕೆ ಎರಡೇ ಸಾಲಿರುವ, ಆದರೆ ಎಳೆಯ ಮಕ್ಕಳದೆಂದು ಅದಕ್ಕೆ ನಾಚಿಕೆಯಾಗದಂಥ ಪುಸ್ತಕವನ್ನು ಹುಡುಕಿ ಕೊಡುವುದು ನಮ್ಮ ಕೆಲಸ. ಆ ಮಗು ಅದನ್ನು ಮುಗಿಸಿದ ಮೇಲೆ ಮುಂದೆ ಯಾವುದು ಎಂದು ತಿಳಿದಿರಬೇಕು. ಅದಕ್ಕೆ ಪುಸ್ತಕಗಳೂ ಗೊತ್ತಿರಬೇಕು, ಮಗುವೂ ಗೊತ್ತಿರಬೇಕು. ಎರಡು ತರಗತಿಗಳನ್ನು ಒಟ್ಟಿಗೆ ನೋಡುವ ಮೇಷ್ಟ್ರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

ಖಾರ ಮಾತು (ಸಾಗರ)

ಎಲ್ಲವೂ ಚಂದ. ಆದರೆ ನಮ್ಮ ತಾಲ್ಲೂಕಿನ ಒಳಭಾಗದ ಶಾಲೆಗಳಲ್ಲಿ ಪಾಠ ಮಾಡಲು ಕಾಯಂ ಶಿಕ್ಷಕರೇ ಸಾಲದೆ ಅತಿಥಿ ಶಿಕ್ಷಕರನ್ನು ಇಟ್ಟುಕೊಂಡು ವರ್ಷ ದೂಡುತ್ತಿದ್ದೇವೆ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಹದಿನೈದು ಮಕ್ಕಳು. ಹತ್ತು ಮಕ್ಕಳ ಶಾಲೆಗೆ ಒಬ್ಬ ಗ್ರಂಥಪಾಲಕ ಬೇಕೆಂದು ಮನವಿ ಕೊಟ್ಟರೆ, ಆ ಮನವಿಯನ್ನೇ ಹಿಡಿದುಕೊಂಡು ನಿಮ್ಮ ಶಾಲೆಯನ್ನು ಮುಚ್ಚಿ ಪಕ್ಕದ್ದಕ್ಕೆ ಸೇರಿಸುತ್ತೇವೆ ಎನ್ನುತ್ತಾರೆ. ಸರ್ಕಾರದ ಬಾಗಿಲಿಗೆ ಹೋಗುವ ಮೊದಲು ಏನು ಕೇಳಿದರೆ ಏನು ಕಳೆದುಕೊಳ್ಳುತ್ತೇವೆ ಎಂಬ ಎಚ್ಚರ ಇರಲಿ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಶಾಲೆಗೊಬ್ಬರು ಎಂದು ನಾನು ಹೇಳಲಿಲ್ಲ. ವಾರಕ್ಕೆ ಒಂದು ಶಾಲೆಗೆ ಒಂದು ದಿನವೆಂದರೆ, ಹತ್ತಿರ ಹತ್ತಿರದ ಐದಾರು ಶಾಲೆಗಳಿಗೆ ಒಬ್ಬರು ಸಾಕು. ಇದೇನೂ ಹೊಸ ಪದ್ಧತಿಯಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರು ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತಾರೆ. ಒಬ್ಬರು ಹಲವು ಶಾಲೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲಾಖೆಗೆ ಆಗಲೇ ಗೊತ್ತಿದೆ. ಶಾಲೆ ಚಿಕ್ಕದಾಗಿರುವುದೇ ಇಂಥ ಸಂಚಾರಿ ಗ್ರಂಥಪಾಲಕರನ್ನು ಕೇಳಲು ಒಳ್ಳೆಯ ಕಾರಣ. ಹತ್ತು ಮಕ್ಕಳ ಶಾಲೆಯ ಬೀರುವಿನಲ್ಲಿ ಎಷ್ಟು ಪುಸ್ತಕಗಳಿದ್ದಾವು? ಅವುಗಳನ್ನು ತಿಂಗಳಿಗೊಮ್ಮೆ ಆ ಐದಾರು ಶಾಲೆಗಳ ನಡುವೆ ಅದಲು ಬದಲು ಮಾಡಿದರೆ, ಹೊಸದೊಂದನ್ನೂ ಕೊಳ್ಳದೆ ಮಕ್ಕಳಿಗೆ ಐದು ಪಟ್ಟು ಪುಸ್ತಕ ಸಿಗುತ್ತದೆ.

ಖಾರ ಮಾತು

ಜುಲೈ ತಿಂಗಳಲ್ಲಿ ಐದು ಶಾಲೆ ಸುತ್ತುವವರು ಹೊಳೆ ದಾಟುವುದು ಹೇಗೆಂದು ಯೋಜನೆಯಲ್ಲಿ ಬರೆಯಲು ಮರೆಯಬೇಡಿ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಪ್ರಯಾಣಭತ್ಯೆ ಬರೆಯುತ್ತೇವೆ. ಮಳೆಗೆ ಶಾಲೆಗೇ ರಜೆ ಕೊಟ್ಟ ದಿನ ಗ್ರಂಥಪಾಲಕರೂ ಮನೆಯಲ್ಲಿರುತ್ತಾರೆ.

ಅರಿವು ಕೇಂದ್ರದಿಂದ (ಸೊರಬ ತಾಲ್ಲೂಕು)

ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ, ಒಬ್ಬರಾದರೂ ನಮ್ಮನ್ನು ನೆನಪಿಸಿಕೊಳ್ಳುತ್ತೀರೇನೋ ಎಂದು ಕಾದೆ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಈಗ ನಮ್ಮ ಗ್ರಂಥಾಲಯದ ಹಲಗೆಯ ಮೇಲೆ ಅರಿವು ಕೇಂದ್ರವೆಂದು ಬರೆದಿದೆ. ಸದಸ್ಯತ್ವದ ವಹಿಯಲ್ಲಿ ಸುತ್ತಲಿನ ಎಲ್ಲ ಶಾಲೆಗಳ ಮಕ್ಕಳ ಹೆಸರುಗಳಿವೆ. ಬರುವವರು ಮಾತ್ರ ಪಂಚಾಯಿತಿ ಇರುವ ಊರಿನ ಮಕ್ಕಳು. ಮಲೆನಾಡಿನಲ್ಲಿ ಪಂಚಾಯಿತಿಯೆಂದರೆ ಒಂದು ಊರಲ್ಲ. ಒಂದೊಂದು ಮನೆಗೂ ನಡುವೆ ಗದ್ದೆ, ತೋಟ, ಕಾನು. ನಾಲ್ಕೂವರೆಗೆ ಶಾಲೆ ಬಿಟ್ಟ ಮಗು ನಾಲ್ಕು ಕಿಲೋಮೀಟರು ನಡೆದು ನನ್ನ ಬಳಿ ಬಂದು, ಕತ್ತಲಾಗುವ ಮೊದಲು ಮನೆ ಸೇರಬೇಕೆಂದರೆ ಯಾವ ತಾಯಿ ಕಳಿಸುತ್ತಾಳೆ?

ನಾನೇ ಪುಸ್ತಕ ಹೊತ್ತುಕೊಂಡು ಎರಡು ಶಾಲೆಗಳಿಗೆ ಹೋಗುತ್ತಿದ್ದೆ. ಒಂದು ಶಾಲೆಯಲ್ಲಿ ಮಕ್ಕಳು ಗೇಟಿನ ಬಳಿಯೇ ಕಾದು ನಿಂತು ಚೀಲಕ್ಕೆ ಕೈ ಹಾಕುತ್ತಿದ್ದರು. ಇನ್ನೊಂದರಲ್ಲಿ, ಮೇಲಿನಿಂದ ಲಿಖಿತ ಆದೇಶವಿಲ್ಲದೆ ಹೊರಗಿನವರನ್ನು ತರಗತಿಯೊಳಗೆ ಬಿಡುವಂತಿಲ್ಲವೆಂದರು. ಅವರ ಇಲಾಖೆ ಬೇರೆ, ನಮ್ಮ ಇಲಾಖೆ ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ನಡುವೆ ಪುಸ್ತಕ ನನ್ನ ಹೆಗಲ ಮೇಲೆಯೇ ಉಳಿಯಿತು.

ಹಿನ್ನೀರಿನ ಓದುಗ

ಮೇಡಂ, ಎರಡೂ ಇಲಾಖೆಗಳು ಸೇರಿ ಒಂದು ಆದೇಶ ಮಾಡಿ, ವಾರಕ್ಕೊಂದು ದಿನ ನೀವು ಶಾಲೆಗೆ ಬರುವಂತಾದರೆ ಒಪ್ಪುತ್ತೀರಾ?

ಅರಿವು ಕೇಂದ್ರದಿಂದ

ಒಪ್ಪುತ್ತೇನೆ. ಆದರೆ ಈಗಿನ ಗೌರವಧನಕ್ಕೆ ಇನ್ನೊಂದು ಕೆಲಸ ಪುಕ್ಕಟೆಯಾಗಿ ಸೇರಿಸುವ ಆದೇಶವಾದರೆ ಒಪ್ಪುವುದಿಲ್ಲ. ನಮ್ಮಂಥವರ ಸೇವಾ ಮನೋಭಾವದ ಮೇಲೆ ಎಷ್ಟು ಯೋಜನೆಗಳು ನಡೆಯುತ್ತವೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಶಾಲೆಗೆ ಗ್ರಂಥಪಾಲಕರು ಬೇಕೆಂದು ಕೇಳುವವರು, ಇರುವ ಮೇಲ್ವಿಚಾರಕರ ಸಂಬಳದ ಮಾತನ್ನೂ ಮನವಿಯಲ್ಲಿ ಸೇರಿಸಲಿ.

ಕಂದಾಯ ಕಟ್ಟುವವ (ಭದ್ರಾವತಿ)

ಹಣವಿಲ್ಲವೆಂದು ಯಾರು ಹೇಳಿದ್ದು? ಮನೆ ಕಂದಾಯದ ರಸೀದಿಯನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ತೆರಿಗೆಯ ಕೆಳಗೆ ಗ್ರಂಥಾಲಯ ಕರವೆಂದು ಪ್ರತ್ಯೇಕ ಸಾಲಿದೆ, ಶೇಕಡ 6. ನಾವು ಪ್ರತಿವರ್ಷ ಕಟ್ಟುವ ಈ ಹಣ ಎಲ್ಲಿ ಹೋಗುತ್ತದೆ? ಅದನ್ನೇ ಶಾಲೆಗಳಿಗೆ ತಿರುಗಿಸಿದರೆ ಮುಗಿಯಿತಲ್ಲ.

ಹಳೆಯ ಲೆಕ್ಕಿಗ

ಮುಗಿಯುವುದಿಲ್ಲ. ಆ ಕರವನ್ನು ವಿಧಿಸುವುದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ. ಸ್ಥಳೀಯ ಸಂಸ್ಥೆ ಅದನ್ನು ವಸೂಲು ಮಾಡಿ ಸಾರ್ವಜನಿಕ ಗ್ರಂಥಾಲಯದ ನಿಧಿಗೆ ಕೊಡಬೇಕು. ಶಾಲೆಯ ಬೀರುವಿಗೆ ಅದನ್ನು ಖರ್ಚು ಮಾಡಲು ಕಾಯ್ದೆ ಬಿಡುವುದಿಲ್ಲ. ವಸೂಲಾದ ಕರವನ್ನು ಗ್ರಂಥಾಲಯಕ್ಕೆ ವರ್ಗಾಯಿಸದೆ ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಳ್ಳುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅದು ಬೇರೆಯದೇ ಹೋರಾಟ. ಇದಕ್ಕೆ ಗಂಟು ಹಾಕಿದರೆ ಎರಡೂ ಸಡಿಲವಾಗುತ್ತವೆ. ಆದರೆ ಸಾರ್ವಜನಿಕ ಗ್ರಂಥಾಲಯವೇ ತನ್ನ ಪುಸ್ತಕಗಳನ್ನು ಶಾಲೆಗೆ ಎರವಲು ಕೊಡಲಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಕಂದಾಯ ಕಟ್ಟುವವ

ಹಾಗಿದ್ದರೆ ಹಣಕಾಸು ಆಯೋಗದ ಅನುದಾನದಿಂದ ಪಂಚಾಯಿತಿಯೇ ಗ್ರಂಥಪಾಲಕರಿಗೆ ಸಂಬಳ ಕೊಡಲಿ.

ಹಳೆಯ ಲೆಕ್ಕಿಗ

ಅದಕ್ಕೂ ದಾರಿಯಿಲ್ಲ. 2021ರಿಂದ 2026ರವರೆಗಿನ ಅವಧಿಗೆ 15ನೆಯ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ಶೇಕಡ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇಕಡ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಆದರೆ ಸಂಬಳಕ್ಕೂ ಸಿಬ್ಬಂದಿ ವೆಚ್ಚಕ್ಕೂ ಬಳಸುವಂತಿರಲಿಲ್ಲ. ಕಪಾಟು, ಬೆಂಚು, ಮೇಲ್ಛಾವಣಿ ಕೇಳಿ. ಮನುಷ್ಯರನ್ನು ರಾಜ್ಯದ ಬಜೆಟ್‌ನಿಂದಲೇ ಕೇಳಬೇಕು.

ಬೂಷ್ಟು ಬಲ್ಲವಳು (ಆಗುಂಬೆ ಕಡೆ)

ಕಪಾಟಿನ ಮಾತು ಬಂದದ್ದರಿಂದ ಒಂದು ವಿಷಯ. ಬಯಲುಸೀಮೆಯಲ್ಲಿ ಬೀಗ ಹಾಕಿಟ್ಟ ಪುಸ್ತಕ ಹತ್ತು ವರ್ಷವಾದರೂ ಪುಸ್ತಕವಾಗಿಯೇ ಇರುತ್ತದೆ. ನಮ್ಮ ಕಡೆ ಒಂದೇ ಮಳೆಗಾಲ ಸಾಕು. ಕಳೆದ ಸಲ ಊರಿನ ಶಾಲೆಯ ಕಬ್ಬಿಣದ ಬೀರುವನ್ನು ದಸರಾ ರಜೆ ಮುಗಿದ ಮೇಲೆ ತೆಗೆದಾಗ ನಾನೂ ಅಲ್ಲಿದ್ದೆ. ಬಾಗಿಲು ತೆರೆಯುತ್ತಲೇ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ರಟ್ಟುಗಳ ಮೇಲೆ ಬೂದುಬಣ್ಣದ ಬೂಷ್ಟು ಪುಡಿಪುಡಿಯಾಗಿ ಕುಳಿತಿತ್ತು. ನುಣುಪು ಕಾಗದದ ಚಿತ್ರಪುಸ್ತಕಗಳ ಹಾಳೆಗಳು ಒಂದಕ್ಕೊಂದು ಹತ್ತಿಕೊಂಡು, ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹಿಡಿದ ಹಪ್ಪಳದ ಹಾಗೆ ಒಂದೇ ಗಟ್ಟಿಯಾಗಿದ್ದವು. ಬಿಡಿಸಲು ಹೋದರೆ ಈ ಪುಟದ ಆನೆಯ ಸೊಂಡಿಲು ಆ ಪುಟಕ್ಕೆ ಅಂಟಿ ಬರುತ್ತಿತ್ತು. ಮಾಮೂಲಿ ಒರಟು ಕಾಗದದ ಪುಸ್ತಕಗಳು ಮಾತ್ರ ಹಳದಿಯಾಗಿದ್ದರೂ ಓದುವ ಸ್ಥಿತಿಯಲ್ಲಿದ್ದವು. ಹಿಂದಿನ ಗೋಡೆಗೆ ತಾಗಿದ ಕೆಳಗಿನ ಸಾಲಿಗೆ ಗೆದ್ದಲು ಬೇರೆ.

ಪುಸ್ತಕ ಕೈಯಿಂದ ಕೈಗೆ ಹೋಗುತ್ತಿದ್ದರೆ ಅದಕ್ಕೆ ಗಾಳಿಯಾಡುತ್ತದೆ. ಮಲೆನಾಡಿನಲ್ಲಿ ಪುಸ್ತಕವನ್ನು ಹಂಚುವುದೇ ಅದನ್ನು ಉಳಿಸುವ ದಾರಿ. ಮೇಷ್ಟ್ರು ಹೆದರಿ ಬೀಗ ಹಾಕಿದರೆ ಮಗುವಿನ ಬದಲು ಬೂಷ್ಟು ತಿನ್ನುತ್ತದೆ, ಅಷ್ಟೇ.

ಅಡಿಕೆಗೊನೆ

ನುಸಿಗುಳಿಗೆ ಇಡಬಾರದಿತ್ತೇ?

ಬೂಷ್ಟು ಬಲ್ಲವಳು

ನುಸಿಗುಳಿಗೆ ಹುಳಕ್ಕೆ, ತೇವಕ್ಕೆ ಅದರಿಂದ ಏನೂ ಆಗುವುದಿಲ್ಲ, ಮಕ್ಕಳಿರುವ ಕಡೆ ಅದು ಒಳ್ಳೆಯದೂ ಅಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಕೆಳಗೆ ಮರದ ಹಲಗೆ ಕೊಟ್ಟು, ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ನಿಲ್ಲಿಸಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಬೇಗ ಹಾಳಾಗುತ್ತವೆ. ಇಷ್ಟನ್ನು ನೆನಪಿಟ್ಟು ಮಾಡುವುದಕ್ಕಾದರೂ ಒಬ್ಬರು ಬೇಕಲ್ಲ.

ತುಂಗೆಯ ದಡದ ಮೇಷ್ಟ್ರು

ಇದಕ್ಕೆ ಅನುದಾನ ಬರುವ ಕಾಲವೂ ಕಾರಣ. ಎಷ್ಟೋ ಸಲ ಆರ್ಥಿಕ ವರ್ಷದ ಕೊನೆಯಲ್ಲಿ ಹಣ ಬಿಡುಗಡೆಯಾಗುತ್ತದೆ. ಮಾರ್ಚ್ 31ರೊಳಗೆ ಖರ್ಚು ಮಾಡಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಆಗ ಪರೀಕ್ಷೆಯ ಗಡಿಬಿಡಿ. ಯಾವ ಅಂಗಡಿಯವರು ತಕ್ಷಣ ಬಿಲ್ಲು ಕೊಡುತ್ತಾರೋ ಅವರ ಬಳಿ ಇದ್ದದ್ದನ್ನು ತರುವುದಾಗುತ್ತದೆ. ಏಪ್ರಿಲ್, ಮೇ ರಜೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಹೊಸ ಪುಸ್ತಕವನ್ನು ಮಗುವಿಗಿಂತ ಮೊದಲು ಮುಟ್ಟುವುದು ಬೂಷ್ಟೇ. ಶಾಲೆ ಆರಂಭವಾಗುವ ಹೊತ್ತಿಗೆ ಹಣ ಕೈಸೇರಬೇಕೆಂದು ದಯವಿಟ್ಟು ಬರೆಯಿರಿ.

ಗಾಜನೂರಿನ ಹಳೆಯ ಹುಡುಗಿ

ನಾನು ಗಾಜನೂರಿನ ಜವಾಹರ ನವೋದಯ ವಿದ್ಯಾಲಯದಲ್ಲಿ ಓದಿದವಳು. ನವೋದಯ ಮತ್ತು ಕೇಂದ್ರೀಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆ ಮಂಜೂರಾಗಿಯೇ ಇರುತ್ತದೆ. ಹಳ್ಳಿಯ ಶಾಲೆಯಿಂದ ಆರನೆಯ ತರಗತಿಗೆ ಅಲ್ಲಿಗೆ ಹೋದಾಗ ನನಗೆ ಆಶ್ಚರ್ಯವಾದದ್ದು ಪುಸ್ತಕಗಳ ರಾಶಿಯಿಂದಲ್ಲ. ಗ್ರಂಥಾಲಯದ ಸರ್, ನಾನು ಹಿಂದಿನ ವಾರ ಯಾವ ಪುಸ್ತಕ ಒಯ್ದಿದ್ದೆನೆಂದು ನೆನಪಿಟ್ಟುಕೊಂಡು, ಅದು ಹಿಡಿಸಲಿಲ್ಲವೇ ಎಂದು ಕೇಳಿದರು. ಅರ್ಧಕ್ಕೆ ಬಿಟ್ಟೆನೆಂದು ಹೇಳಲು ಹೆದರಿದೆ. ಅರ್ಧಕ್ಕೆ ಬಿಡಬಹುದು, ತಪ್ಪೇನಿಲ್ಲ ಎಂದು ಇನ್ನೊಂದನ್ನು ಕೊಟ್ಟರು. ಪುಸ್ತಕವನ್ನು ಅರ್ಧಕ್ಕೆ ಬಿಡಬಹುದು ಎಂದು ನನಗೆ ಹೇಳಿದ ಮೊದಲ ದೊಡ್ಡವರು ಅವರು.

ಅದೇ ಊರಿನ ನನ್ನ ತಮ್ಮ ರಾಜ್ಯ ಸರ್ಕಾರದ ಪ್ರೌಢಶಾಲೆಯಲ್ಲಿ ಓದಿದ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಪ್ರವೇಶ ಪರೀಕ್ಷೆ ಪಾಸಾದವಳಿಗೆ ಗ್ರಂಥಪಾಲಕರು, ಆಗದವನಿಗೆ ಬೀಗ. ಹೆಚ್ಚು ಅಗತ್ಯವಿದ್ದದ್ದು ಅವನಿಗೆ.

ನಗರದ ತಂದೆ (ಶಿವಮೊಗ್ಗ)

ಖಾಸಗಿ ಶಾಲೆಗಳಲ್ಲಿ ಎಲ್ಲ ಸರಿಯಿದೆಯೆಂದು ಭಾವಿಸಬೇಡಿ. ನನ್ನ ಮಗ ಓದುತ್ತಿರುವ ಶಾಲೆಯಲ್ಲಿ ಗ್ರಂಥಪಾಲಕಿ ಇದ್ದಾರೆ, ಕರಪತ್ರದಲ್ಲಿ ಗ್ರಂಥಾಲಯದ ಬಣ್ಣದ ಚಿತ್ರವೂ ಇದೆ. ಆದರೆ ಯಾರೇ ಶಿಕ್ಷಕರು ರಜೆ ಹಾಕಲಿ, ಆ ತರಗತಿಗೆ ಕಳಿಸುವುದು ಅವರನ್ನೇ. ಸಂಜೆ ಬಸ್ಸಿನ ಬಳಿ ಮಕ್ಕಳ ತಲೆ ಎಣಿಸುವುದೂ ಅವರೇ. ಹುದ್ದೆ ಸೃಷ್ಟಿಯಾದರೆ ಸಾಲದು, ಆ ಹುದ್ದೆಯವರನ್ನು ಬೇರೆ ಕೆಲಸಕ್ಕೆ ಎಳೆಯಬಾರದೆಂದು ಆದೇಶದಲ್ಲಿ ಇರಬೇಕು. ಸರ್ಕಾರಿ ಶಾಲೆಯಲ್ಲಂತೂ ಒಬ್ಬರು ಬಿಡುವಾಗಿ ಕಂಡರೆ ಸಮೀಕ್ಷೆಗೆ ಕಳಿಸಿಬಿಡುತ್ತಾರೆ.

ಹೊಸಗಾಲದವ

ಇಷ್ಟೆಲ್ಲ ಏಕೆ? ಪ್ರತಿ ಶಾಲೆಗೆ ಎರಡು ಟ್ಯಾಬ್ಲೆಟ್ ಕೊಡಿ. ಸ್ಟೋರಿವೀವರ್‌ನಂಥ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿಯೇ ಸಿಗುತ್ತವೆ. ಬೂಷ್ಟೂ ಇಲ್ಲ, ಗೆದ್ದಲೂ ಇಲ್ಲ.

ಅರಿವು ಕೇಂದ್ರದಿಂದ

ನಮ್ಮ ಕೇಂದ್ರಕ್ಕೆ ಕಂಪ್ಯೂಟರ್ ಬಂದಿದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಅದರ ಮುಖ ನೋಡುವಂತಿಲ್ಲ. ಟ್ಯಾಬ್ಲೆಟ್ ಕೊಟ್ಟರೆ ಮೇಷ್ಟ್ರು ಅದನ್ನೂ ದಾಸ್ತಾನು ವಹಿಗೆ ಏರಿಸಿ, ಪುಸ್ತಕಕ್ಕಿಂತ ದೊಡ್ಡ ಬೀಗ ಹಾಕುತ್ತಾರೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಆ ತಾಣ ನಿಜಕ್ಕೂ ಉಪಯುಕ್ತ. ಮುಕ್ತ ಪರವಾನಗಿ ಇರುವುದರಿಂದ ಕಥೆಗಳನ್ನು ಮುದ್ರಿಸಿ ಹೊಲಿದು ಕೊಡಬಹುದು. ಅದನ್ನು ಯಾರು ಆರಿಸಿ, ಮುದ್ರಿಸಿ, ಹೊಲಿಯಬೇಕು? ಮತ್ತೆ ಅದೇ ಪ್ರಶ್ನೆಗೆ ಬಂದೆವು.

ಪುಸ್ತಕ ಆರಿಸುವ ವಿಷಯವನ್ನೂ ಸೇರಿಸಿ. ಮೇಲಿನಿಂದ ಕಟ್ಟು ಕಟ್ಟಾಗಿ ಬರುವ ಪುಸ್ತಕಗಳಲ್ಲಿ ಮಹಾಪುರುಷರ ಜೀವನಚರಿತ್ರೆ, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ, ದೊಡ್ಡವರಿಗೆಂದು ಬರೆದ ಪ್ರಬಂಧಗಳು ಧಾರಾಳವಾಗಿರುತ್ತವೆ. ಆಗತಾನೇ ಓದಲು ಕಲಿತ ಮಗುವಿಗೆ ದೊಡ್ಡ ಅಕ್ಷರದ ಕಥೆಗಳು ವಿರಳ. ನೂರು ರೂಪಾಯಿ ಬೆಲೆಯ ಚಿತ್ರಪುಸ್ತಕವಾದರೆ 5,000 ರೂಪಾಯಿಗೆ ಐವತ್ತು ಬರುತ್ತವೆ. ಆ ಐವತ್ತನ್ನು ಮಕ್ಕಳನ್ನು ಬಲ್ಲವರು ಆರಿಸಿದರೆ ಚಿಕ್ಕ ಶಾಲೆಗೆ ಅದು ಒಂದು ವರ್ಷದ ಓದು. ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಅವರಿಗೆ ಬೇಕಾದ ಪುಸ್ತಕ ಬೇರೆಯದೇ. ಬೆಂಗಳೂರಿನಲ್ಲಿ ಕುಳಿತು ಮಾಡಿದ ಪಟ್ಟಿಗೆ ಇದು ತಿಳಿಯುವುದಿಲ್ಲ.

ಖಾರ ಮಾತು

ಶಾಲೆಗೇ ಆರಿಸಲು ಬಿಟ್ಟರೆ ಕಮಿಷನ್ ಕೊಡುವ ಅಂಗಡಿಯವರು ಶಾಲೆಯ ಬಾಗಿಲಿಗೆ ಬರುತ್ತಾರೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಈಗ ಬರುತ್ತಿಲ್ಲವೇ? ಇಲಾಖೆ ದೊಡ್ಡದೊಂದು ಪಟ್ಟಿ ಕೊಡಲಿ, ಅದರೊಳಗಿನಿಂದ ಶಾಲೆ ಆರಿಸಲಿ, ಆರಿಸಿದ ಪಟ್ಟಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಲಿ. ಸಭೆಗೆ ಬಂದು ಕೇಳುವ ಕೆಲಸ ಮಾತ್ರ ನಿಮ್ಮದು.

ಹಿನ್ನೀರಿನ ಓದುಗ

ಎಲ್ಲರ ಮಾತನ್ನೂ ಸೇರಿಸಿ ಮನವಿಯ ಕರಡನ್ನು ಹೀಗೆ ಬರೆದಿದ್ದೇನೆ. ಓದುವುದಕ್ಕೆ ಕೊಟ್ಟು ಕಳೆದ ಪುಸ್ತಕಕ್ಕೂ ಓದಿ ಸವೆದ ಪುಸ್ತಕಕ್ಕೂ ಮುಖ್ಯ ಶಿಕ್ಷಕರಿಂದ ವಸೂಲಿ ಮಾಡಬಾರದು, ಅದನ್ನು ಎಸ್‌ಡಿಎಂಸಿ ನಿರ್ಣಯದ ಮೇಲೆ ವಹಿಯಿಂದ ಕೈಬಿಡಲು ಅಧಿಕಾರ ಕೊಡಬೇಕು. ಗ್ರಂಥಾಲಯದ ಅನುದಾನ ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಶಾಲೆ ಸೇರಬೇಕು, ಪುಸ್ತಕವನ್ನು ಶಾಲೆಯೇ ಆರಿಸಬೇಕು. ಐದಾರು ಶಾಲೆಗಳಿಗೆ ಒಬ್ಬರಂತೆ ತರಬೇತಿ ಪಡೆದ ಗ್ರಂಥಪಾಲಕರನ್ನು ನೇಮಿಸಿ, ಅವರನ್ನು ಬೇರೆ ಕೆಲಸಗಳಿಗೆ ನಿಯೋಜಿಸಬಾರದು. ಅದು ಆಗುವವರೆಗೆ ಅರಿವು ಕೇಂದ್ರದ ಮೇಲ್ವಿಚಾರಕರು ಹೆಚ್ಚುವರಿ ಸಂಭಾವನೆಯೊಂದಿಗೆ ಶಾಲೆಗೆ ಬರಲು ಎರಡೂ ಇಲಾಖೆಗಳು ಒಟ್ಟಾಗಿ ಆದೇಶ ಮಾಡಬೇಕು. ಬಿಟ್ಟದ್ದೇನಾದರೂ ಇದೆಯೇ?

ಹಳೆಯ ಲೆಕ್ಕಿಗ

ವಿಳಾಸವನ್ನು ಸರಿಪಡಿಸಿ. ಬಿಇಒ ಹುದ್ದೆ ಸೃಷ್ಟಿಸಲಾರರು, ಸುತ್ತೋಲೆಯನ್ನೂ ಹೊರಡಿಸಲಾರರು. ಎಲ್ಲವನ್ನೂ ಅವರಿಗೇ ಬರೆದರೆ ‘ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು’ ಎಂಬ ಹಿಂಬರಹದೊಂದಿಗೆ ನಿಮ್ಮ ಮನವಿಯ ಆಯುಷ್ಯ ಮುಗಿಯುತ್ತದೆ. ಸುತ್ತೋಲೆ ಮತ್ತು ಹುದ್ದೆಗಳ ಬೇಡಿಕೆಯನ್ನು ಶಾಲಾ ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿಯವರಿಗೆ ಬರೆದು, ಪ್ರತಿಯನ್ನು ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಅವರಿಗೂ ಶಾಸಕರಿಗೂ ಕೊಡಿ. ಗ್ರಂಥಾಲಯದ ಅವಧಿ ವೇಳಾಪಟ್ಟಿಯಂತೆ ನಡೆಯಬೇಕು, ಅರಿವು ಕೇಂದ್ರದವರನ್ನು ಶಾಲೆಯೊಳಗೆ ಬಿಡಬೇಕು ಎಂಬಷ್ಟನ್ನು ಬಿಇಒ ಅವರಿಂದ ಈ ವಾರವೇ ಮಾಡಿಸಿಕೊಳ್ಳಬಹುದು.

ಅರಿವು ಕೇಂದ್ರದಿಂದ

ಮಕ್ಕಳ ಗ್ರಾಮಸಭೆಯನ್ನೂ ಮರೆಯಬೇಡಿ. ಪಂಚಾಯಿತಿಗಳು ಅದನ್ನು ವರ್ಷಕ್ಕೊಮ್ಮೆ ನಡೆಸಬೇಕು. ಮಕ್ಕಳೇ ಎದ್ದುನಿಂತು ಕೇಳಿದ ಬೇಡಿಕೆ ನಡಾವಳಿಯಲ್ಲಿ ದಾಖಲಾದರೆ, ಅದರ ಪ್ರತಿಯನ್ನು ಮನವಿಗೆ ಲಗತ್ತಿಸಬಹುದು.

ಖಾರ ಮಾತು

ಮಕ್ಕಳಿಗೆ ಹೇಳಿಕೊಟ್ಟು ಹೇಳಿಸುವುದು ಬೇಡ. ಬೀರುವಿನಲ್ಲಿ ಏನಿದೆಯೆಂದು ಅವರಿಗೆ ಮೊದಲು ತೋರಿಸಿ, ಆಮೇಲೆ ಅವರೇ ಕೇಳುತ್ತಾರೆ. ನಮ್ಮ ಎಸ್‌ಡಿಎಂಸಿಯ ಸಹಿಯನ್ನೂ ಸೇರಿಸಿಕೊಳ್ಳಿ. ಶಾಲೆ ಮುಚ್ಚುವ ಮಾತು ಬಂದರೆ ಮಾತ್ರ ನಿಮ್ಮನ್ನೇ ಹಿಡಿದುಕೊಳ್ಳುತ್ತೇನೆ.

ತುಂಗೆಯ ದಡದ ಮೇಷ್ಟ್ರು

ನೌಕರನಾದ್ದರಿಂದ ನಾನು ಸಹಿ ಹಾಕಲಾರೆ. ಆದರೆ ಎಸ್‌ಡಿಎಂಸಿಯವರು ಕೇಳಿದರೆ ದಾಸ್ತಾನು ವಹಿ ಮತ್ತು ವಿತರಣಾ ವಹಿ ಎರಡನ್ನೂ ಸಭೆಯ ಮುಂದಿಡಬೇಕಾಗುತ್ತದೆ. ಪ್ರತಿ ಶಾಲೆಯಲ್ಲಿಯೂ ಹಾಗೆ ಕೇಳಿ, ಎಷ್ಟು ಪುಸ್ತಕಗಳಿವೆ, ಕಳೆದ ವರ್ಷ ಎಷ್ಟು ಹೊರಗೆ ಹೋದವು ಎಂಬ ಎರಡು ಅಂಕಿಗಳನ್ನು ಬರೆದುಕೊಳ್ಳಿ. ಮನವಿಯ ಮೊದಲ ಪುಟದಲ್ಲಿ ಆ ಪಟ್ಟಿಯೇ ಇರಲಿ. ನನ್ನ ಶಾಲೆಯದನ್ನು ಮುಂದಿನ ಸಭೆಯಲ್ಲಿ ಓದಿ ಹೇಳುತ್ತೇನೆ; ಎರಡನೆಯ ಅಂಕಿ ಕೇಳಿ ನಗಬೇಡಿ.